ಎಲ್ಲದಕ್ಕೂ ‘ನಾದಾ’ ಅನ್ನುವ ಅಜ್ಜ-ಅಜ್ಜಿಯರನ್ನು ಡಿಪ್ರೆಷನ್ ಬಗ್ಗೆ ಹೇಗೆ ಕೇಳೋದು?

ಕೊತ್ತಂಬರಿ_ಕಟ್ಟು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೊಳ್ಳಬೇಡಿ.

ನಾನು ಕ್ಯಾಲಿಫೋರ್ನಿಯಾದಲ್ಲಿ, ಫ್ರೆಸ್ನೊ ಹತ್ತಿರದ ಒಂದು ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಮೆಡಿಕಲ್ ಅಸಿಸ್ಟೆಂಟ್. ಡಾಕ್ಟರ್ ಬರುವ ಮುಂಚೆ ತೂಕ, ಬಿ.ಪಿ., ಶುಗರ್ ನೋಡಿ, ಪ್ರಶ್ನೆ ಕೇಳಿ, ಕಂಪ್ಯೂಟರ್‌ಗೆ ತುಂಬುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದವರು, ವಯಸ್ಸಾದವರು. ಜೀವನವಿಡೀ ದ್ರಾಕ್ಷಿ, ಟೊಮ್ಯಾಟೊ, ಬಾದಾಮಿ ತೋಟಗಳಲ್ಲಿ ದುಡಿದವರು. ನನ್ನ ಸ್ಪ್ಯಾನಿಷ್ ಕೆಲಸಕ್ಕೆ ಸಾಕು, ಜಗಳಕ್ಕೆ ಸಾಲದು.

ನಾವು ಕೇಳುವ ಪ್ರಶ್ನೆಗಳಲ್ಲಿ, ಡಿಪ್ರೆಷನ್ ಇದೆಯಾ ಅಂತ ನೋಡೋಕೆ ಪಿಎಚ್‌ಕ್ಯೂ-9 ಅಂತ ಒಂದು ಫಾರಂ ಇದೆ. ಕಳೆದ 2 ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇರಲಿಲ್ಲವಾ, ಮನಸ್ಸು ಕುಗ್ಗಿತ್ತಾ, ನಿದ್ದೆ ಹೇಗಿದೆ, ಹೀಗೆ 9 ಪ್ರಶ್ನೆ. ಒಂದೊಂದಕ್ಕೆ 0ಯಿಂದ 3 ಅಂಕ. ಒಟ್ಟು 27, ಅಂಕ ಜಾಸ್ತಿ ಬಂದಷ್ಟೂ ಡಿಪ್ರೆಷನ್ ಜಾಸ್ತಿ.

ಕಳೆದ ವಾರ ಒಬ್ಬ ಅಜ್ಜ ಬಂದಿದ್ದರು. (ವಯಸ್ಸು, ಒಂದೆರಡು ವಿವರ ಬದಲಾಯಿಸಿದ್ದೇನೆ.) 4 ತಿಂಗಳಲ್ಲಿ ಮೂರನೇ ಸಲ, ಅದೇ ಬೆನ್ನುನೋವು. ನಾನು ಪರದೆ ನೋಡಿಕೊಂಡು ಪ್ರಶ್ನೆ ಓದಿದೆ. ಒಂಬತ್ತಕ್ಕೂ ‘ನಾದಾ’. ಅಂದರೆ ಏನೂ ಇಲ್ಲ. ಎರಡನೇದಕ್ಕೆ ಮಾತ್ರ ‘ನಾದಾ, ಗ್ರಾಸಿಯಾಸ್ ಆ ದಿಯೊಸ್’, ದೇವರ ದಯೆ. 0 ಅಂತ ಒತ್ತಿದೆ. ಬಿ.ಪಿ. ಪಟ್ಟಿ ಬಿಚ್ಚೋಣ ಅಂತ ತಿರುಗಿದರೆ, ತೊಡೆ ಮೇಲೆ ಹ್ಯಾಟ್ ಇಟ್ಟುಕೊಂಡು ಅದರ ಅಂಚನ್ನು ಬೆರಳಲ್ಲಿ ಸುತ್ತಿಸುತ್ತಾ ಕೂತಿದ್ದಾರೆ. ಹ್ಯಾಟಿನ ಮೇಲೆ ಕಣ್ಣೀರು ತೊಟ್ಟಿಕ್ಕುತ್ತಿದೆ. ನಾನು ನೋಡಿದ್ದು ಗೊತ್ತಾಗಿ ‘ಬೆನ್ನು ಬಹಳ ನೋಯುತ್ತೆ ಮಗಳೇ’ ಅಂದರು. ಅವರ ಹೆಂಡತಿ ಚಳಿಗಾಲದಲ್ಲಿ ತೀರಿಕೊಂಡಿದ್ದರು.

ಡಾಕ್ಟರ್ ಬಂದರು, ಬೆನ್ನು ಒತ್ತಿ ನೋಡಿದರು, ನೋವಿನ ಮಾತ್ರೆ ಬರೆದರು, ಹೋದರು. ಫೈಲಿನಲ್ಲಿ ಇನ್ನೂ 0 ಅಂತಲೇ ಇದೆ. ಅದು ನನ್ನ ಕೈಯಿಂದ ಆದದ್ದು ಅನ್ನೋದು ಒಂದು ವಾರದಿಂದ ಕೊರೀತಿದೆ.

ಇಂಥವರನ್ನು ನೀವೆಲ್ಲ ಹೇಗೆ ಕೇಳುತ್ತೀರಿ? ಇಲ್ಲಿ ಡಾಕ್ಟರುಗಳು, ನರ್ಸ್‌ಗಳು ಇದ್ದೀರಲ್ವಾ.

ಹುಣಸೆಮರ
ಮೊದಲು ಪರದೆ ನೋಡೋದು ಬಿಡಿ. ಅಷ್ಟೇ.

ಕೊತ್ತಂಬರಿ_ಕಟ್ಟು
@ಹುಣಸೆಮರ ಒಪ್ಪಿದೆ. ಆದರೆ ನನಗೆ ಸಿಗೋದು 8 ನಿಮಿಷ, ಅದರಲ್ಲಿ ಶುಗರ್ ಮಿಷನ್ನಿಗೇ 2 ನಿಮಿಷ.

ಬೇಲೂರ್_ಬಿಸಿಲು
ತಪ್ಪು ತಿಳೀಬೇಡಿ. ಇದು ಕನ್ನಡಿಗರ ಜಾಗ. ಮೆಕ್ಸಿಕನ್ನರ ಡಿಪ್ರೆಷನ್ ಬಗ್ಗೆ ನಮಗೇನು? ವೀಸಾ, ಶಾಲೆ ವಿಷಯ ಮಾತಾಡಿದರೆ ಉಪಯೋಗ.

ಗಡಿಯಾಚೆ_ಡಾಕ್ಟ್ರು
@ಬೇಲೂರ್_ಬಿಸಿಲು ಸ್ವಾಮಿ, ನೀವು ತಿನ್ನೋ ದ್ರಾಕ್ಷಿ ಕಿತ್ತವರು ಅವರು. ಅಷ್ಟು ಸಾಕಲ್ವಾ ಕಾರಣ? ಇಷ್ಟ ಇಲ್ಲದಿದ್ದರೆ ಮುಂದಕ್ಕೆ ಹೋಗಿ.

@ಕೊತ್ತಂಬರಿ_ಕಟ್ಟು ನಾನು ಟೆಕ್ಸಾಸ್‌ನ ದಕ್ಷಿಣ ತುದಿಯಲ್ಲಿ, ಮ್ಯಾಕ್‌ಆಲೆನ್ ಕಡೆ ಫ್ಯಾಮಿಲಿ ಡಾಕ್ಟರ್. 19 ವರ್ಷ ಆಯಿತು. ನನ್ನ ಅನುಭವ ಹೇಳುತ್ತೇನೆ.

ವಯಸ್ಸಾದ ಲ್ಯಾಟಿನೊಗಳು (ಲ್ಯಾಟಿನ್ ಅಮೆರಿಕ ಮೂಲದವರು) ಸೈಕಿಯಾಟ್ರಿಸ್ಟ್ ಹತ್ತಿರ ಹೋಗುವುದು ಬಹಳ ಕಡಿಮೆ. ಅದು ‘ಲೊಕೊ’ಗಳ ಜಾಗ, ಹುಚ್ಚರ ಜಾಗ, ಅನ್ನುವ ಭಾವನೆ. ಬರುವುದು ನಮ್ಮ ಹತ್ತಿರ. ಮಂಡಿನೋವು, ತಲೆಸುತ್ತು, ಎದೆ ಭಾರ, ಹೊಟ್ಟೆ ಉರಿ ಅಂತ ಬರುತ್ತಾರೆ. ಸುಳ್ಳು ನೆಪ ಅಂದುಕೊಳ್ಳಬೇಡಿ. ನೋವು ನಿಜವಾಗಿಯೂ ಇರುತ್ತದೆ. ಮನಸ್ಸು ಕುಗ್ಗಿದಾಗ ನೋವು ಜಾಸ್ತಿಯಾಗುತ್ತದೆ, ನೋವು ಜಾಸ್ತಿಯಾದಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮೂರನೇ ಸಲ ಅದೇ ಬೆನ್ನು ಹಿಡಿದುಕೊಂಡು ಬಂದರು ಅಂದರೆ ಆ ಅಜ್ಜ ಸಹಾಯ ಕೇಳಿಯಾಗಿದೆ. ಬೇರೆ ಹೆಸರಲ್ಲಿ ಕೇಳಿದ್ದಾರೆ.

‘ದೆಪ್ರೆಸಿಯೊನ್’ ಅನ್ನುವ ಪದದಿಂದ ಶುರು ಮಾಡಬೇಡಿ. ಅವರ ಬಾಯಲ್ಲಿ ಬರುವ ಪದ ‘ನೆರ್ವಿಯೊಸ್’. ಅಥವಾ ‘ದೆಕಾಯಿದೊ’ ಅನ್ನುತ್ತಾರೆ, ಕುಸಿದು ಹೋಗಿದ್ದೇನೆ ಅಂತ. ಆ ಪದ ಹಿಡಿದುಕೊಂಡು ಕೇಳಿದರೆ ಅರ್ಧ ದಾರಿ ಬಂದಂತೆ.

ರಾಗಿಮುದ್ದೆ_ರಾಯ
ನೆರ್ವಿಯೊಸ್ ಅಂದರೆ ನರಗಳು ತಾನೇ? ನಮ್ಮಜ್ಜಿ ‘ನರ ವೀಕು’ ಅನ್ನುತ್ತಿದ್ದರಲ್ಲ, ಅದೇ! ನಿದ್ದೆ ಬರಲ್ಲ ನರ ವೀಕು, ಕೈ ನಡುಗುತ್ತೆ ನರ ವೀಕು, ತಾತನ ಮೇಲೆ ಕೋಪ ಬಂದರೂ ನರ ವೀಕು.

ಗಡಿಯಾಚೆ_ಡಾಕ್ಟ್ರು
@ರಾಗಿಮುದ್ದೆ_ರಾಯ ಬಹಳ ಹತ್ತಿರ. ಮದ್ದೂ ಒಂದೇ! ನಮ್ಮ ಕಡೆ ಹಿರಿಯರು ಸೇತುವೆ ದಾಟಿ ಮೆಕ್ಸಿಕೊದ ನುಯೆವೊ ಪ್ರೊಗ್ರೆಸೊಗೆ ಹೋಗಿ, ಫಾರ್ಮಸಿಯಲ್ಲಿ ಬಿ ವಿಟಮಿನ್ ಇಂಜೆಕ್ಷನ್ ತರುತ್ತಾರೆ, ನರಕ್ಕೆ ಅಂತ. ನಮ್ಮೂರಲ್ಲಿ ನ್ಯೂರೋಬಿಯಾನ್ ಸೂಜಿ ಚುಚ್ಚಿಸಿಕೊಂಡ ಹಾಗೆ.

ನಗುವ ವಿಷಯ ಅಲ್ಲ ಇದು. ಬಿ12 ಕಡಿಮೆಯಾದರೂ, ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಮಂಕಾಗುತ್ತದೆ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯುವುದು ಸಾಮಾನ್ಯ. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸದೆ ‘ಇದು ಮನಸ್ಸಿಂದು’ ಅಂತ ತೀರ್ಮಾನ ಮಾಡಬಾರದು.

ಶರಾವತಿ_ಸೊಸೆ
ಒಂದು ತಿದ್ದುಪಡಿ. ‘ನೆರ್ವಿಯೊಸ್’ ಅಂದ ಕೂಡಲೇ ಡಿಪ್ರೆಷನ್ ಅಂತ ಬರೆದುಬಿಡಬೇಡಿ. ಅದರೊಳಗೆ ಆತಂಕ, ದುಃಖ, ಸಿಟ್ಟು, ಮನೆ ಗಲಾಟೆ ಎಲ್ಲಾ ಸೇರಿರುತ್ತದೆ. ‘ಅತಾಕೆ ದೆ ನೆರ್ವಿಯೊಸ್’ ಅನ್ನುವುದು ಇನ್ನೊಂದು, ಸಾವಿನ ಸುದ್ದಿ ಬಂದಾಗ ಚೀರಿ, ನಡುಗಿ, ಬಿದ್ದುಬಿಡುವುದು. ಕೆರಿಬಿಯನ್ ಕಡೆಯವರಲ್ಲಿ ಜಾಸ್ತಿ ಕೇಳಿಬರುತ್ತದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲಿ (2013) ಇವೆರಡೂ ಇವೆ, ‘ಸುಸ್ತೊ’ ಅನ್ನುವುದೂ ಇದೆ. ನಾನು ಸೋಷಿಯಲ್ ವರ್ಕರ್, ಶಿಕಾಗೊ.

ಕೊತ್ತಂಬರಿ_ಕಟ್ಟು
ಅಯ್ಯೋ ಸುಸ್ತೊ! ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿ ‘ನನಗೆ ಸುಸ್ತೊ ಆಗಿದೆ’ ಅಂದರು. ನಾನು ತಲೆಯಾಡಿಸಿ ‘ಆಯಾಸ’ ಅಂತ ಬರೆದುಬಿಟ್ಟೆ. ಸುಸ್ತು ಅಂತ ಕೇಳಿಸಿತ್ತು ನನಗೆ! ಡಾಕ್ಟರ್ ಅರ್ಧ ಗಂಟೆ ಹಿಮೋಗ್ಲೋಬಿನ್ ಹುಡುಕಿದರು. ಆಮೇಲೆ ಗೊತ್ತಾಯಿತು, ಮಗನಿಗೆ ಆಕ್ಸಿಡೆಂಟ್ ಆದದ್ದನ್ನು ಕಣ್ಣಾರೆ ನೋಡಿ ಬೆಚ್ಚಿಬಿದ್ದಿದ್ದರಂತೆ.

ರಾಗಿಮುದ್ದೆ_ರಾಯ
😂 😂 ಹೆದರಿಕೊಂಡ ಮಗುವಿಗೆ ನಮ್ಮಲ್ಲಿ ತಾಯತ ಕಟ್ಟಿಸುತ್ತಾರಲ್ಲ, ಹಾಗೆ ಅವರಲ್ಲೂ ಇದೆಯಾ?

ಶರಾವತಿ_ಸೊಸೆ
ಇದೆ. ಕುರಾಂದೆರಾ ಅಂತ ಕರೆಯುತ್ತಾರೆ ಮದ್ದು-ಮಂತ್ರ ಮಾಡುವ ಹೆಂಗಸನ್ನು. ಸೊಪ್ಪಿನ ಕಂತೆಯಿಂದ ಮೈ ನೀವುತ್ತಾರೆ. ಮನೆಮದ್ದು ಅಂದರೆ ತಿಲಾ ಹೂವಿನ ಚಹಾ, ಕ್ಯಾಮೊಮೈಲ್ ಚಹಾ. ‘ಅದೆಲ್ಲ ಬಿಡಿ’ ಅಂದರೆ ಅಜ್ಜಿ ನಿಮ್ಮ ಮಾತ್ರೆಯನ್ನೂ ಬಿಡುತ್ತಾರೆ. ‘ಚಹಾ ಕುಡೀರಿ, ಜೊತೆಗೆ ಇದನ್ನೂ ತಗೊಳ್ಳಿ’ ಅನ್ನೋದು ಜಾಣತನ. ಏನೇನು ಕುಡಿಯುತ್ತಾರೆ ಅಂತ ಕೇಳಿಟ್ಟುಕೊಳ್ಳಿ ಅಷ್ಟೇ. ಕೆಲವು ಗಿಡಮೂಲಿಕೆ ಮಾತ್ರೆಯ ಜೊತೆ ಸೇರಲ್ಲ.

ಲೆಕ್ಕದ_ಮೇಷ್ಟ್ರು
ನನಗೆ ಈ ಫಾರಂ ಮೇಲೇ ನಂಬಿಕೆ ಇಲ್ಲ. ‘ಅರ್ಧಕ್ಕಿಂತ ಹೆಚ್ಚು ದಿನ’, ‘ಹೆಚ್ಚುಕಡಿಮೆ ಪ್ರತಿದಿನ’, ಇದೆಲ್ಲ ಯಾರಾದರೂ ಲೆಕ್ಕ ಇಟ್ಟುಕೊಂಡು ಬದುಕುತ್ತಾರಾ? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ತೋಟಕ್ಕೆ ಹೋದ ಮನುಷ್ಯನಿಗೆ ಇದು ಪರೀಕ್ಷೆ ಬರೆಸಿದ ಹಾಗೆ. ಪರೀಕ್ಷೆ ಅಂದರೆ ಎಲ್ಲರೂ ಪಾಸಾಗೋಕೆ ನೋಡುತ್ತಾರೆ. ‘ನಾದಾ’ ಅಂದರೆ ಪಾಸು!

ವಯಸ್ಸಾದವರಿಗೆ ಅಂತಲೇ ಇರುವ ಜೆರಿಯಾಟ್ರಿಕ್ ಡಿಪ್ರೆಷನ್ ಸ್ಕೇಲ್ ಬಳಸಿ. ಚಿಕ್ಕ ಆವೃತ್ತಿಯಲ್ಲಿ 15 ಪ್ರಶ್ನೆ. ಹೌದು, ಇಲ್ಲ, ಮುಗೀತು. ಮೈಕೈ ನೋವು, ನಿದ್ದೆ, ಹಸಿವಿನ ಪ್ರಶ್ನೆಗಳೇ ಅದರಲ್ಲಿಲ್ಲ. ವಯಸ್ಸಿನ ತೊಂದರೆಯನ್ನು ಡಿಪ್ರೆಷನ್ ಅಂದುಕೊಳ್ಳುವ ಗೊಂದಲ ತಪ್ಪುತ್ತದೆ.

ಗಡಿಯಾಚೆ_ಡಾಕ್ಟ್ರು
@ಲೆಕ್ಕದ_ಮೇಷ್ಟ್ರು ಹೌದು-ಇಲ್ಲ ಸುಲಭ, ಒಪ್ಪುತ್ತೇನೆ. ಆದರೆ ಯೋಚನೆ ಮಾಡಿ. ಮೈಯ ಭಾಷೆಯಲ್ಲೇ ಮಾತಾಡುವ ಜನರಿಗೆ, ಮೈಯ ಬಗ್ಗೆ ಒಂದು ಮಾತೂ ಕೇಳದ ಫಾರಂ ಕೊಟ್ಟರೆ? ಅವರು ತೆರೆದಿಟ್ಟ ಒಂದೇ ಬಾಗಿಲನ್ನೂ ನಾವೇ ಮುಚ್ಚಿದ ಹಾಗಾಗಲ್ವಾ?

ಲೆಕ್ಕದ_ಮೇಷ್ಟ್ರು
ಹ್ಮ್. ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಪಿಎಚ್‌ಕ್ಯೂ ಒಳ್ಳೇದು ಅಂತ ಒಪ್ಪಲ್ಲ.

ಗಡಿಯಾಚೆ_ಡಾಕ್ಟ್ರು
ಒಪ್ಪಬೇಡಿ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನಷ್ಟು ವಿಚಾರಿಸಬೇಕು, ಅಷ್ಟೇ ಅದರ ಅರ್ಥ. ಅದೇ ರೋಗನಿರ್ಣಯ ಅಲ್ಲ. ಹಾಗೆಯೇ 0 ಬಂದರೆ ಏನೂ ಇಲ್ಲ ಅಂತಲೂ ಅಲ್ಲ.

ಮಾವಿನಮಿಡಿ
ಎಷ್ಟು ಜನಕ್ಕೆ ಇದೆ ಈ ತೊಂದರೆ? ಸುಮ್ನೆ ಕುತೂಹಲ.

ಶರಾವತಿ_ಸೊಸೆ
@ಮಾವಿನಮಿಡಿ ಕೊತ್ತಂಬರಿ ಅವರ ರಾಜ್ಯದ್ದೇ ಒಂದು ಅಧ್ಯಯನ ಇದೆ. ಸ್ಯಾಕ್ರಮೆಂಟೊ ಸುತ್ತಮುತ್ತ 60 ದಾಟಿದ 1,789 ಲ್ಯಾಟಿನೊಗಳನ್ನು 1998-99ರಿಂದ ನೋಡುತ್ತಾ ಬಂದರು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಮನ ಕೊಡಬೇಕಾದಷ್ಟು ಲಕ್ಷಣಗಳಿದ್ದವು.

ಮಯಾಮಿ_ಮೈಸೂರ್
ಎಲ್ಲರೂ ಲ್ಯಾಟಿನೊ ಅಂದರೆ ಮೆಕ್ಸಿಕನ್ ಅಂದುಕೊಂಡು ಮಾತಾಡುತ್ತಿದ್ದೀರಿ. ಇಲ್ಲಿ ಬನ್ನಿ, ಕ್ಯೂಬಾದ ಅಜ್ಜಂದಿರ ಮುಂದೆ ಹಾಗಂದರೆ ಡೊಮಿನೊ ಆಟದ ಮೇಜಿನಿಂದಲೇ ಎದ್ದು ಹೋಗುತ್ತಾರೆ. ಕ್ಯೂಬಾದವರದು ದೇಶ ಬಿಟ್ಟ ದುಃಖ. ಪೋರ್ಟೊರಿಕೊದವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು, ಅವರಿಗೆ ವಲಸೆ ಕಾಗದದ ಭಯ ಇಲ್ಲ. ಆದರೆ 2017ರ ಮರಿಯಾ ಚಂಡಮಾರುತದ ನಂತರ ಒರ್ಲಾಂಡೊ ಕಡೆ ಬಂದ ಹಿರಿಯರನ್ನು ನೋಡಬೇಕು ನೀವು. ಮನೆ ಹೋಯಿತು, ಅಂಗಳ ಹೋಯಿತು, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಮಗಳ ಸೋಫಾ ಮೇಲೆ ಕೂತಿದ್ದಾರೆ.

ಶರಾವತಿ_ಸೊಸೆ
@ಮಯಾಮಿ_ಮೈಸೂರ್ ಸರಿಯಾಗಿ ಹೇಳಿದಿರಿ. ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊ ಊರುಗಳಲ್ಲಿ 16,000ಕ್ಕೂ ಹೆಚ್ಚು ಜನರನ್ನು (18ರಿಂದ 74 ವಯಸ್ಸು) ನೋಡಿದ ದೊಡ್ಡ ಅಧ್ಯಯನದಲ್ಲೂ ಇದೇ ಕಂಡಿತು. ಖಿನ್ನತೆಯ ಲಕ್ಷಣ ಜಾಸ್ತಿ ಇದ್ದವರು ಪೋರ್ಟೊರಿಕೊ ಮೂಲದವರಲ್ಲಿ ಸುಮಾರು 38%, ಮೆಕ್ಸಿಕೊ ಮೂಲದವರಲ್ಲಿ ಸುಮಾರು 22%. ಒಂದೇ ಚೀಲಕ್ಕೆ ತುಂಬೋಕಾಗಲ್ಲ.

ಹುಣಸೆಮರ
‘ಸೌತ್ ಇಂಡಿಯನ್’ ಅಂದಾಗ ನಮಗೆ ಆಗುವ ಉರಿ ಅವರಿಗೂ.

ತೆಂಗಿನಗರಿ
ನಾನು ನರ್ಸ್. ಒಂದು ಘಟನೆ ಹೇಳಲೇಬೇಕು, ಇವತ್ತಿಗೂ ಮರೆತಿಲ್ಲ. ಯಾವ ಊರು, ಯಾವ ಆಸ್ಪತ್ರೆ ಅಂತ ಹೇಳಲ್ಲ.

ಒಬ್ಬ ಅಜ್ಜಿ, ಜೊತೆಗೆ ಮೊಮ್ಮಗಳು, ಹನ್ನೆರಡು-ಹದಿಮೂರು ವಯಸ್ಸು. ಅವತ್ತು ದುಭಾಷಿ ಸಿಗಲಿಲ್ಲ. ‘ಹುಡುಗಿಗೆ ಇಂಗ್ಲಿಷ್ ಬರುತ್ತಲ್ಲ, ಕೇಳಿ ಮುಗಿಸಿ’ ಅಂದರು ಮೇಲಿನವರು. ನಾನು ಹೊಸಬಳು, ಕೇಳಿದೆ. ನಿದ್ದೆ, ಊಟ ಎಲ್ಲಾ ಆಯಿತು. ಒಂಬತ್ತನೇ ಪ್ರಶ್ನೆ ನಿಮಗೆ ಗೊತ್ತಲ್ಲ, ಸತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿದೆಯಾ ಅಂತ. ಅದನ್ನು ನಾನು ಇಂಗ್ಲಿಷಿನಲ್ಲಿ ಓದಿದೆ. ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಅಜ್ಜಿ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದಳು. ಅಜ್ಜಿ ನಕ್ಕು ತಲೆಯಾಡಿಸಿದರು. ‘ನೋ ಅಂತೆ’ ಅಂದಳು.

ಅವಳು ಕೇಳಿದ್ದೇನು ಗೊತ್ತಾ? ‘ಅಜ್ಜಿ, ನಿನಗೆ ಹಸಿವಾಗಿದೆಯಾ?’ ಅಷ್ಟು ಸ್ಪ್ಯಾನಿಷ್ ನನಗೂ ಬರುತ್ತಿತ್ತು.

ಮಾವಿನಮಿಡಿ
ಅಯ್ಯೋ ದೇವರೇ. ಆ ಮಗು ಇನ್ನೇನು ಮಾಡೀತು.

ಗಡಿಯಾಚೆ_ಡಾಕ್ಟ್ರು
@ತೆಂಗಿನಗರಿ ಇದು ಕಾನೂನಿಗೂ ವಿರುದ್ಧ. ಜೀವಕ್ಕೆ ಅಪಾಯ ಇರುವ ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ದುಭಾಷಿಯಾಗಿ ಬಳಸುವ ಹಾಗಿಲ್ಲ. ಅಫೋರ್ಡಬಲ್ ಕೇರ್ ಆ್ಯಕ್ಟ್‌ನ 1557ನೇ ಸೆಕ್ಷನ್, 2016ರ ನಿಯಮದಲ್ಲೇ ಸ್ಪಷ್ಟವಾಗಿ ಬಂತು. ಫೋನ್‌ನಲ್ಲಿ, ವಿಡಿಯೋದಲ್ಲಿ ದುಭಾಷಿ ಸಿಗುತ್ತಾರೆ. ಪೇಷಂಟ್ ದುಡ್ಡು ಕೊಡಬೇಕಾಗಿಲ್ಲ.

ದೊಡ್ಡ ಮಗ, ಸೊಸೆ ಇದ್ದರೂ ಈ 9 ಪ್ರಶ್ನೆ ಹೊತ್ತಿಗೆ ‘ಐದು ನಿಮಿಷ ಹೊರಗೆ ಕೂತಿರಿ’ ಅನ್ನುವುದು ಒಳ್ಳೇದು. ಸೊಸೆ ಮುಂದೆ ಯಾವ ಅತ್ತೆ ‘ನನಗೆ ಬೇಜಾರು’ ಅನ್ನುತ್ತಾರೆ?

ರಾಗಿಮುದ್ದೆ_ರಾಯ
ನಮ್ಮತ್ತೆ ಅನ್ನುತ್ತಾರೆ. ಪ್ರತಿದಿನ.

ಮದೇರಾ_ಮಲ್ಲಿಗೆ
ನಮ್ಮೂರು ಮದೇರಾ, ಕೊತ್ತಂಬರಿ ಅಕ್ಕನ ಪಕ್ಕದ ಕೌಂಟಿ. ಸ್ಪ್ಯಾನಿಷ್ ಬಂದರೆ ಸಾಕು ಅಂದುಕೊಳ್ಳಬೇಡಿ. ಇಲ್ಲಿ ಮೆಕ್ಸಿಕೊದ ಒಆಹಾಕಾ ರಾಜ್ಯದಿಂದ ಬಂದವರು ತುಂಬಾ ಇದ್ದಾರೆ. ಅವರ ಮನೆಮಾತು ಮಿಸ್ತೆಕೊ. ಸ್ಪ್ಯಾನಿಷ್ ಅವರಿಗೆ ಪೇಟೆ ಮಾತು. ನಮ್ಮ ಕಡೆ ತುಳು, ಕೊಂಕಣಿ ಮಾತಾಡುವ ಅಜ್ಜಿಗೆ ‘ಇಂಡಿಯಾದವರು ತಾನೇ’ ಅಂತ ಹಿಂದಿ ದುಭಾಷಿ ಕೊಟ್ಟ ಹಾಗೆ. ಎಲ್ಲದಕ್ಕೂ ‘ಸೀ, ಸೀ’ (ಹೌದು, ಹೌದು) ಅನ್ನುತ್ತಾರೆ, ಒಂದು ಪದ ಅರ್ಥ ಆಗಿರಲ್ಲ.

ಕೊತ್ತಂಬರಿ_ಕಟ್ಟು
@ಮದೇರಾ_ಮಲ್ಲಿಗೆ ಇದು ನನಗೆ ಹೊಳೆದೇ ಇರಲಿಲ್ಲ. ಇಬ್ಬರು ಮೂವರ ಮುಖ ಈಗ ಕಣ್ಮುಂದೆ ಬರುತ್ತಿದೆ.

ಸೊಪ್ಪಿನ_ಸಾರು
ಪ್ರೊಮೊತೊರಾಗಳು ಇದ್ದಾರಾ ನಿಮ್ಮ ಕ್ಲಿನಿಕ್‌ನಲ್ಲಿ? ಅದೇ ಊರಿನ ಹೆಂಗಸರು, ಸ್ವಲ್ಪ ತರಬೇತಿ ಪಡೆದು ಮನೆಮನೆಗೆ ಹೋಗುವವರು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅನ್ನಬಹುದು. ನಾವು ಬಿಳಿ ಕೋಟು ಹಾಕಿಕೊಂಡು ಒಂದು ವರ್ಷ ಕೇಳಿದರೂ ಹೇಳದ್ದನ್ನು, ಅವರು ಅಡುಗೆಮನೆಯಲ್ಲಿ ಕೂತು ಬೀನ್ಸ್ ಕಾಳು ಆರಿಸುತ್ತಾ ಕೇಳಿದರೆ ಹತ್ತು ನಿಮಿಷದಲ್ಲಿ ಹೇಳುತ್ತಾರೆ. ‘ಕೊನ್ಫಿಯಾನ್ಸಾ’ ಅನ್ನುತ್ತಾರೆ ಅದಕ್ಕೆ, ಇವರು ನಮ್ಮವರು ಅನ್ನುವ ನಂಬಿಕೆ. ಅದು ಬಂದ ಮೇಲೇ ಉಳಿದದ್ದು. ಅಲ್ಲಿವರೆಗೆ ಎಲ್ಲಾ ‘ನಾದಾ’.

ಇನ್ನೊಂದು. ಹಿರಿಯರನ್ನು ‘ತು’ ಅನ್ನಬೇಡಿ, ‘ಉಸ್ತೆದ್’ ಅನ್ನಿ. ಹೆಸರಿಗೆ ಮೊದಲು ದೊನ್, ದೊನ್ಯಾ ಸೇರಿಸಿ. ನೀನು-ನೀವು ಗೊತ್ತಿರುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಇಂಗ್ಲಿಷ್ ಅಭ್ಯಾಸ ಆಗಿ ಮರೆತುಬಿಡುತ್ತೇವೆ.

ಬಯಲುಸೀಮೆ_ಬಸ್ಯಾ
ಗಂಡಸರ ವಿಷಯ ಬೇರೆನೇ ಇದೆ. ನಾನು ಸಲಿನಾಸ್ ಕಡೆ ಲೆಟ್ಯೂಸ್ ಪ್ಯಾಕಿಂಗ್ ಕಂಪನಿಯಲ್ಲಿ ಐ.ಟಿ. ಕೆಲಸ ಮಾಡುತ್ತೇನೆ, ಡಾಕ್ಟರಲ್ಲ. ಅಲ್ಲಿನ ಮುದುಕರ ಬೆನ್ನು ಯಾಕೆ ಹೋಗಿದೆ ಗೊತ್ತಾ? ‘ಎಲ್ ಕೊರ್ತಿತೊ’ ಅಂತ ಒಂದು ಕುಳ್ಳ ಹಿಡಿಯ ಗುದ್ದಲಿ ಇತ್ತು. ಅದನ್ನು ಹಿಡಿದರೆ ನೆಟ್ಟಗೆ ನಿಲ್ಲೋಕೇ ಆಗಲ್ಲ. ದಿನವಿಡೀ ಸೊಂಟ ಬಗ್ಗಿಸಿಯೇ ಸಸಿ ಬಿಡಿಸಬೇಕು. ಯಾರು ನೆಟ್ಟಗೆ ನಿಂತಿದ್ದಾರೆ ಅಂತ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅದು ನಿಂತದ್ದು 1975ರಲ್ಲಿ. ಇವತ್ತು 70 ದಾಟಿದವರು ಎಷ್ಟೋ ಜನ ಹುಡುಗರಾಗಿದ್ದಾಗ ಅದನ್ನು ಹಿಡಿದವರೇ.

ಅಂಥ ಮನುಷ್ಯನಿಗೆ ‘ಅಗ್ವಾಂತಾರ್’, ಸಹಿಸಿಕೊಳ್ಳೋದು, ಅದೇ ಮರ್ಯಾದೆ. ಬೆನ್ನುನೋವು ಅಂದರೆ ದುಡಿದ ಗುರುತು, ಹೇಳಿಕೊಳ್ಳಬಹುದು. ಅಳು ಬರುತ್ತೆ ಅಂತ ಹೇಗೆ ಹೇಳುತ್ತಾನೆ?

ಗಡಿಯಾಚೆ_ಡಾಕ್ಟ್ರು
@ಬಯಲುಸೀಮೆ_ಬಸ್ಯಾ ಡಾಕ್ಟರಲ್ಲ ಅಂದಿರಿ, ಆದರೆ ಈ ಎಳೆಯಲ್ಲೇ ಒಳ್ಳೇ ಮಾತು ಇದು. ಹೆಂಡತಿ ತೀರಿಕೊಂಡ ಮೇಲೆ ಈ ಗಂಡಸರು ಒಮ್ಮೆಲೇ ಕುಸಿಯುತ್ತಾರೆ. ಚರ್ಚು, ನೆಂಟರು, ಹಬ್ಬ ಎಲ್ಲವನ್ನೂ ನಡೆಸುತ್ತಿದ್ದವರು ಆಕೆ ಆಗಿರುತ್ತಾರೆ.

ಬೇಲೂರ್_ಬಿಸಿಲು
ನಾನು ಮೊದಲು ಖಾರವಾಗಿ ಬರೆದೆ. ಈಗ ಒಂದು ಕೇಳುತ್ತೇನೆ. ನಮ್ಮಪ್ಪ ಇಲ್ಲಿಗೆ ಬಂದು 14 ತಿಂಗಳಾಯಿತು, ಗ್ರೀನ್ ಕಾರ್ಡ್ ಮೇಲೆ. ಊರಲ್ಲಿ ಬೆಳಿಗ್ಗೆ ಹಾಲಿನ ಡೈರಿ, ಕಟ್ಟೆ, ಪೇಪರ್ ಅಂತ ಓಡಾಡುತ್ತಿದ್ದವರು. ಇಲ್ಲಿ ಬರೀ ಗ್ಯಾಸ್ ಅನ್ನುತ್ತಾರೆ. ಎಂಡೊಸ್ಕೋಪಿ ಮಾಡಿಸಿದೆ, ಏನೂ ಇಲ್ಲ. ಇದೇನಾದರೂ ಅದೇನಾ?

ಶರಾವತಿ_ಸೊಸೆ
@ಬೇಲೂರ್_ಬಿಸಿಲು ಇಲ್ಲಿ ಕೂತು ಹೇಳೋಕಾಗಲ್ಲ ಅಣ್ಣ. ಆದರೆ ಅವರ ಡಾಕ್ಟರ್ ಹತ್ತಿರ ಈ ಮಾತನ್ನೇ ಹೇಳಿ, ಡೈರಿ ಕಟ್ಟೆ ಸಮೇತ. ಕನ್ನಡ ದುಭಾಷಿ ಬೇಕು ಅಂತ ಮುಂಚೆಯೇ ಫೋನ್ ಮಾಡಿ. ನೀವೇ ಭಾಷಾಂತರ ಮಾಡೋಕೆ ಕೂರಬೇಡಿ, ಮೇಲೆ ಓದಿದಿರಲ್ಲ. ಮೆಡಿಕೇರ್ (65 ದಾಟಿದವರ ಸರ್ಕಾರಿ ವಿಮೆ) ಇದ್ದವರಿಗೆ ವರ್ಷಕ್ಕೊಂದು ಡಿಪ್ರೆಷನ್ ತಪಾಸಣೆ ಉಚಿತ, ಅದು 2011ರಿಂದ ಇದೆ. ಆದರೆ ನಿಮ್ಮಪ್ಪನಿಗೆ ಅದು ಸಿಗೋಕೆ ಗ್ರೀನ್ ಕಾರ್ಡ್ ಬಂದು 5 ವರ್ಷ ಆಗಬೇಕು, ಪ್ರೀಮಿಯಂ ಕಟ್ಟಬೇಕು. ಈಗಿರುವ ಇನ್ಶೂರೆನ್ಸ್‌ನಲ್ಲಿ ಏನಿದೆ ನೋಡಿ.

ಬೇಲೂರ್_ಬಿಸಿಲು
ಥ್ಯಾಂಕ್ಸ್. ಮೊದಲು ಬರೆದದ್ದಕ್ಕೆ ಕ್ಷಮೆ ಇರಲಿ.

ಹುಣಸೆಮರ
ಮಾತ್ರೆ ಕೊಟ್ಟರೆ ಅಭ್ಯಾಸ ಆಗಿಬಿಡುತ್ತೆ, ಜೀವನಪೂರ್ತಿ ನುಂಗಬೇಕು. ಅದಕ್ಕೇ ಪಾಪ ಅವರು ಹೆದರುತ್ತಾರೆ. ಸರಿಯೇ ಇದೆ ಅವರ ಹೆದರಿಕೆ.

ಗಡಿಯಾಚೆ_ಡಾಕ್ಟ್ರು
@ಹುಣಸೆಮರ ಅರ್ಧ ತಪ್ಪು. ಹೆದರಿಕೆ ನಿಜ, ನನ್ನ ಪೇಷಂಟ್‌ಗಳು ಮೊದಲು ಕೇಳುವುದೇ ಅದನ್ನು. ಆದರೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ನಿದ್ದೆ ಮಾತ್ರೆ. ವೇಲಿಯಂ ಥರದವು. ಅವು ಅಭ್ಯಾಸ ಆಗುತ್ತವೆ, ಮುದುಕರು ರಾತ್ರಿ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಸರ್ಟ್ರಲಿನ್ ಥರದ ಡಿಪ್ರೆಷನ್ ಮಾತ್ರೆ ಬೇರೆ. ಅದಕ್ಕೆ ಹಂಬಲ ಹುಟ್ಟಲ್ಲ. ಆದರೆ ಒಂದೇ ದಿನ ನಿಲ್ಲಿಸಬಾರದು, ನಿಧಾನಕ್ಕೆ ಇಳಿಸಬೇಕು.

ಗುಣ ಕಾಣೋಕೆ 4ರಿಂದ 6 ವಾರ, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಹೊಟ್ಟೆ ತೊಳಸುವುದು ಮೊದಲ ವಾರವೇ ಬರುತ್ತದೆ! ಇದನ್ನು ಮುಂಚೆಯೇ ಹೇಳದಿದ್ದರೆ ಹತ್ತನೇ ದಿನಕ್ಕೆ ಡಬ್ಬಿ ಕಸಕ್ಕೆ ಹೋಗಿರುತ್ತದೆ. ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು, ನೋಡಿಕೊಳ್ಳಬೇಕು. ಸಿಟಾಲೊಪ್ರಾಂ ಆದರೆ 60 ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ. ಮೇಲೆ ಹೋಗುವ ಹಾಗಿಲ್ಲ. ಮತ್ತೆ ಎಲ್ಲರಿಗೂ ಮಾತ್ರೆಯೇ ಬೇಕು ಅಂತಲೂ ಇಲ್ಲ. ಮಾತಿನ ಚಿಕಿತ್ಸೆ ಇದೆ, ಅದನ್ನೇ ಇಷ್ಟಪಡುವ ಹಿರಿಯ ಲ್ಯಾಟಿನೊಗಳು ಬಹಳ. ಸ್ಪ್ಯಾನಿಷ್‌ನಲ್ಲಿ ಮಾಡುವವರು ಸಿಗಬೇಕಲ್ಲ, ಅದು ಕಷ್ಟ.

ತೆಂಗಿನಗರಿ
ನೋವಿನ ಮಾತ್ರೆ ವಿಷಯಾನೂ ಹೇಳಿ ಡಾಕ್ಟ್ರೇ. ಐಬುಪ್ರೊಫೆನ್ ಜೊತೆ ಈ ಡಿಪ್ರೆಷನ್ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಜಾಸ್ತಿ. ಬೆನ್ನುನೋವಿನ ಅಜ್ಜಂದಿರ ಜೇಬಲ್ಲಿ ಐಬುಪ್ರೊಫೆನ್ ಇದ್ದೇ ಇರುತ್ತದೆ.

ಗಡಿಯಾಚೆ_ಡಾಕ್ಟ್ರು
@ತೆಂಗಿನಗರಿ 👏 ಬಿಟ್ಟುಹೋಗಿತ್ತು. ಹೌದು.

ಲೆಕ್ಕದ_ಮೇಷ್ಟ್ರು
ಪ್ರಶ್ನೆ ಕೇಳಿ, ಡಿಪ್ರೆಷನ್ ಇದೆ ಅಂತ ಕಂಡುಹಿಡಿದು, ಆಮೇಲೆ? ಕೌನ್ಸೆಲರ್‌ಗೆ ಚೀಟಿ ಬರೆದುಕೊಡುತ್ತಾರೆ. 40 ಮೈಲಿ ದೂರ. ಕಾರು ಮಗನ ಹತ್ತಿರ. ಮೂರು ತಿಂಗಳು ಕಾಯಬೇಕು. ಕೇಳದೇ ಇದ್ದರೆ ಇದಕ್ಕಿಂತ ವಾಸಿ.

ಗಡಿಯಾಚೆ_ಡಾಕ್ಟ್ರು
ಇದಕ್ಕೆ ಉತ್ತರ 20 ವರ್ಷಕ್ಕಿಂತ ಹಿಂದೆಯೇ ಸಿಕ್ಕಿದೆ. ಚೀಟಿ ಬರೆದು ಕಳಿಸೋದಲ್ಲ, ಆ ಸಹಾಯವನ್ನೇ ಕ್ಲಿನಿಕ್ ಒಳಗೆ ತಂದು ಕೂರಿಸೋದು. ಇಂಪ್ಯಾಕ್ಟ್ ಅನ್ನುವ ಅಧ್ಯಯನ, 2002ರಲ್ಲಿ ಬಂತು. 5 ರಾಜ್ಯಗಳ 18 ಕ್ಲಿನಿಕ್, 60 ದಾಟಿದ 1,801 ಜನ. ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡೂ ಇದ್ದವು. ಅದೇ ಕ್ಲಿನಿಕ್‌ನಲ್ಲಿ ಒಬ್ಬ ನರ್ಸ್ ಅಥವಾ ಸೈಕಾಲಜಿಸ್ಟ್ ಪೇಷಂಟ್ ಬೆನ್ನು ಹತ್ತುತ್ತಾರೆ. ಫೋನ್ ಮಾಡುತ್ತಾರೆ, ಮಾತ್ರೆ ತಗೊಂಡಿರಾ ಅಂತ ಕೇಳುತ್ತಾರೆ, ಅಲ್ಲೇ ಕೂತು ಮಾತಿನ ಚಿಕಿತ್ಸೆ ಕೊಡುತ್ತಾರೆ. ಸೈಕಿಯಾಟ್ರಿಸ್ಟ್ ವಾರಕ್ಕೊಮ್ಮೆ ಆಕೆಯ ಜೊತೆ ಕೂತು ಪಟ್ಟಿ ನೋಡುತ್ತಾರೆ. ವರ್ಷದ ಕೊನೆಗೆ ಲಕ್ಷಣಗಳು ಅರ್ಧಕ್ಕರ್ಧ ಇಳಿದವರು ಇಲ್ಲಿ 45%, ಮಾಮೂಲಿ ಚಿಕಿತ್ಸೆಯಲ್ಲಿ 19%. ಲ್ಯಾಟಿನೊ ಹಿರಿಯರನ್ನು ಬೇರೆಯಾಗಿ ನೋಡಿದಾಗಲೂ ಅದು ಕೆಲಸ ಮಾಡಿತ್ತು.

ಅಜ್ಜನ ಕಣ್ಣಲ್ಲಿ ನೋಡಿ. ಅದೇ ಕಟ್ಟಡ, ಅದೇ ಕುರ್ಚಿ. ಹುಚ್ಚರ ಆಸ್ಪತ್ರೆಗೆ ಹೋದ ಅಂತ ಯಾರೂ ಆಡಿಕೊಳ್ಳಲ್ಲ. ಬೆನ್ನು ತೋರಿಸೋಕೆ ಹೋಗಿದ್ದೆ ಅಂದರೆ ಆಯಿತು.

ಲೆಕ್ಕದ_ಮೇಷ್ಟ್ರು
ದುಡ್ಡು ಯಾರು ಕೊಡುತ್ತಾರೆ ಆ ನರ್ಸ್‌ಗೆ?

ಗಡಿಯಾಚೆ_ಡಾಕ್ಟ್ರು
2017ರಿಂದ ಮೆಡಿಕೇರ್ ಕೊಡುತ್ತದೆ. ಎಷ್ಟೋ ಕ್ಲಿನಿಕ್‌ಗಳು ಅರ್ಜಿ ಕಾಗದಕ್ಕೆ ಹೆದರಿ ಶುರು ಮಾಡಿಲ್ಲ. ನಮ್ಮದೂ ಸೇರಿ, ಹೋದ ವರ್ಷದವರೆಗೆ.

ಮದೇರಾ_ಮಲ್ಲಿಗೆ
ಕಾಗದದ ಮಾತು ಬಂತಲ್ಲ. ಕಾಗದ ಇಲ್ಲದ ಹಿರಿಯರು? ಕ್ಯಾಲಿಫೋರ್ನಿಯಾದಲ್ಲಿ 2022ರ ಮೇ ತಿಂಗಳಿಂದ 2025ರ ಕೊನೆವರೆಗೆ 50 ದಾಟಿದ ಬಡವರಿಗೆಲ್ಲ, ಕಾಗದ ಇರಲಿ ಬಿಡಲಿ, ಮೆಡಿ-ಕ್ಯಾಲ್ (ರಾಜ್ಯದ ಆರೋಗ್ಯ ವಿಮೆ) ಸೇರೋಕೆ ತೆರೆದಿಟ್ಟಿದ್ದರು. ಆದರೂ ‘ಹೆಸರು ಬರೆಸಿದರೆ ಮೊಮ್ಮಗನ ಗ್ರೀನ್ ಕಾರ್ಡ್‌ಗೆ ತೊಂದರೆ’ ಅಂತ ಹಿಂದೆ ಸರಿದವರು ಎಷ್ಟು ಜನ. ಅದಕ್ಕೆ ನೀವು ಯಾವ ಫಾರಂ ಕೊಡುತ್ತೀರಿ.

ಸೊಪ್ಪಿನ_ಸಾರು
ಕೊತ್ತಂಬರಿ ಅವರೇ, ‘ಗಾನಸ್’ ಅನ್ನುವ ಪದ ಬಳಸಿ ನೋಡಿ. ಮನಸ್ಸು, ಹುಮ್ಮಸ್ಸು, ಆಸೆ ಮೂರೂ ಸೇರಿದ ಪದ. ಅವರು ‘ಗಾನಸ್ ಇಲ್ಲ’ ಅನ್ನುತ್ತಾರೆ. ಮನೆಯವರು ‘ಎಚಲೆ ಗಾನಸ್’ ಅನ್ನುತ್ತಾರೆ, ಗಾನಸ್ ಹಾಕು ಅಂತ! ಇಲ್ಲದ್ದನ್ನೇ ಹಾಕು ಅಂದರೆ ಎಲ್ಲಿಂದ ತಂದು ಹಾಕುತ್ತಾರೆ? ನಾವೂ ಹಾಗೇ. ಮನಸ್ಸೇ ಇಲ್ಲ ಅಂದವರಿಗೆ ಮನಸ್ಸು ಮಾಡು ಅನ್ನುತ್ತೇವೆ.

ಶರಾವತಿ_ಸೊಸೆ
ಒಂದು ಮುಖ್ಯ ವಿಷಯ ಬಿಟ್ಟುಹೋಗಬಾರದು. ಒಂಬತ್ತನೇ ಪ್ರಶ್ನೆಗೆ ಯಾರಾದರೂ ಹೌದು ಅಂದರೆ ಅವರನ್ನು ಒಬ್ಬರೇ ಬಿಟ್ಟು ಡಾಕ್ಟರ್ ಕರೆಯೋಕೆ ಹೋಗಬೇಡಿ. ಬಾಗಿಲಲ್ಲೇ ನಿಂತು ಕೂಗಿ. ಮನೆಯಲ್ಲಿದ್ದಾಗ ಬೇಕಾದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್, ಸ್ಪ್ಯಾನಿಷ್‌ಗೆ 2 ಒತ್ತಬೇಕು. ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ.

ಕೊತ್ತಂಬರಿ_ಕಟ್ಟು
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಆ ಅಜ್ಜ ಮತ್ತೆ ಬಂದಿದ್ದರು. ಅದೇ ಬೆನ್ನು. ನಾನು ಕಂಪ್ಯೂಟರ್ ಗಾಡಿಯನ್ನು ಗೋಡೆಗೆ ತಳ್ಳಿ, ಸ್ಟೂಲ್ ಎಳೆದುಕೊಂಡು ಅವರಿಗಿಂತ ಕೆಳಗೆ ಕೂತೆ. ಮೊದಲು ಬೆನ್ನಿನ ಬಗ್ಗೆಯೇ ಕೇಳಿದೆ, ಆ ಕುಳ್ಳ ಗುದ್ದಲಿ ಹಿಡಿದಿದ್ದಿರಾ ಅಂತ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ‘ನಿನಗೆ ಹೇಗೆ ಗೊತ್ತು ಅದು?’ ಬಸ್ಯಾ ಅವರೇ, ಕ್ರೆಡಿಟ್ ನಿಮಗೆ. ಎದ್ದು ನಿಂತು ಹೇಗೆ ಬಗ್ಗುತ್ತಿದ್ದೆ ಅಂತ ತೋರಿಸೋಕೆ ಹೊರಟರು, ಬೇಡ ಬೇಡ ಅಂದು ಕೂರಿಸಿದೆ.

ಆಮೇಲೆ ‘ಗಾನಸ್ ಹೇಗಿದೆ ದೊನ್?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿತ್ತಲಲ್ಲಿ ನೊಪಾಲ್ ಕಳ್ಳಿ ಇದೆಯಂತೆ. ದಿನಾ ಬೆಳಿಗ್ಗೆ ಇವರು ಕೊಯ್ದು ಮುಳ್ಳು ಹೆರೆದು ಕೊಡುತ್ತಿದ್ದರಂತೆ, ಹೆಂಡತಿ ಮೊಟ್ಟೆ ಜೊತೆ ಹುರಿಯುತ್ತಿದ್ದರಂತೆ. ‘ಚಾಕು ಎಲ್ಲಿದೆ ಅಂತಲೇ ಗೊತ್ತಿಲ್ಲ ಈಗ. ಹುಡುಕಲೂ ಇಲ್ಲ’ ಅಂದರು. ಅಲ್ಲಿಂದ ಒಂದೊಂದೇ ಪ್ರಶ್ನೆ ಕೇಳಿದೆ. 14 ಬಂತು. ಒಂಬತ್ತನೇದಕ್ಕೆ ಇಲ್ಲ ಅಂದರು, ಈ ಸಲ ನನ್ನ ಕಣ್ಣು ನೋಡಿ. ಡಾಕ್ಟರ್‌ಗೆ ಹೊರಗೇ ಹೇಳಿದೆ. ಅವರು ಕೂತು ಮಾತಾಡಿದರು, 20 ನಿಮಿಷ. ಹೊರಗೆ ಕಾಯುತ್ತಿದ್ದ ಪೇಷಂಟ್‌ಗಳೆಲ್ಲ ಬೈದರು.

ಈಗ ತಮಾಷೆ ಕೇಳಿ. ನಾನು ಹೀಗೆ ಕೇಳೋಕೆ ಶುರು ಮಾಡಿದ ಮೇಲೆ ನನ್ನ ಪೇಷಂಟ್‌ಗಳ ಅಂಕ ಎಲ್ಲಾ ಮೇಲೆ ಹೋಗಿದೆ. ಸೋಮವಾರ ಮ್ಯಾನೇಜರ್ ಕರೆದು ಕೇಳಿದರು, ‘ನಿಮ್ಮ ರೂಮಿನಲ್ಲಿ ಮಾತ್ರ ಯಾಕೆ ಎಲ್ಲರಿಗೂ ಡಿಪ್ರೆಷನ್ ಜಾಸ್ತಿ ಆಗುತ್ತಿದೆ?’

ಗಡಿಯಾಚೆ_ಡಾಕ್ಟ್ರು
😂 0ಯಿಂದ 14! ನಾನು ಈ ವರ್ಷ ಕೇಳಿದ ಒಳ್ಳೇ ಸುದ್ದಿ. ಮ್ಯಾನೇಜರ್‌ಗೆ ಇಂಪ್ಯಾಕ್ಟ್ ಬಗ್ಗೆ ಹೇಳಿ. ಬೇಕಾದರೆ ನಾನು ಮಾತಾಡುತ್ತೇನೆ.

ಬಯಲುಸೀಮೆ_ಬಸ್ಯಾ
ಮತ್ತೆ ಯಾವಾಗ ಬರ್ತಾರೆ ಅವರು?

ಕೊತ್ತಂಬರಿ_ಕಟ್ಟು
ಮುಂದಿನ ಮಂಗಳವಾರ, 9:40ಕ್ಕೆ. ನಾನೇ ಬರೆದುಕೊಂಡಿದ್ದೇನೆ.

ರಾಗಿಮುದ್ದೆ_ರಾಯ
ನೊಪಾಲ್ ಪಲ್ಯ ಹೇಗೆ ಮಾಡೋದು ಅಂತ ಯಾರಿಗಾದರೂ ಗೊತ್ತಾ? ನಮ್ಮ ಅಂಗಡಿಯಲ್ಲಿ ಸಿಗುತ್ತೆ. ಲೋಳೆ ಬಿಡುತ್ತಂತೆ, ಬೆಂಡೆಕಾಯಿ ಥರ.

ಮದೇರಾ_ಮಲ್ಲಿಗೆ
@ರಾಗಿಮುದ್ದೆ_ರಾಯ ಉಪ್ಪು ಹಾಕಿ ಮೊದಲು ಬಾಣಲೆಯಲ್ಲಿ ಒಣಗೋವರೆಗೆ ಹುರೀರಿ, ಆಮೇಲೆ ಒಗ್ಗರಣೆ. ಬೇರೆ ಎಳೆ ಶುರು ಮಾಡಿ, ಬರೆಯುತ್ತೇನೆ.